ಅಕ್ಕನ ಬಯಾಪ್ಸಿ ವರದಿ ಗೊಂದಲವಾಗಿದೆ. ನ್ಯೂಕ್ಲಿಯಸ್‌ನ (ಕೋಶಕೇಂದ್ರದ) ತ್ರೀ-ಡಿ ಇಮೇಜಿಂಗ್‌ಗೆ ಕಾಯಬೇಕಾ? ಅನುಭವ ಇದ್ದವರು ಹೇಳಿ

ವಿಜಯನಗರದ ತಮ್ಮ, ಮೈಸೂರು
ಅಕ್ಕನಿಗೆ 46 ವರ್ಷ. ಮ್ಯಾಮೊಗ್ರಾಮ್‌ನಲ್ಲಿ ಸುಣ್ಣದ ಚುಕ್ಕೆಗಳು ಕಂಡವು, ಸೂಜಿಯಿಂದ ತುಂಡು ತೆಗೆಯುವ ಕೋರ್ ಬಯಾಪ್ಸಿ ಆಯಿತು. ವರದಿಯಲ್ಲಿ ಎಡಿಎಚ್ (ಹಾಲಿನ ನಾಳದಲ್ಲಿ ಅಸಹಜ ಕೋಶಗಳು, ಕ್ಯಾನ್ಸರ್ ಅಲ್ಲ) ಎಂದು ಬರೆದು, ಡಿಸಿಐಎಸ್ (ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್) ಇಲ್ಲವೆಂದು ಹೇಳಲಾಗದು ಅಂತಲೂ ಸೇರಿಸಿದ್ದಾರೆ. ಆ ಜಾಗ ತೆಗೆಸಿಬಿಡಿ ಅಂತಾರೆ ಸರ್ಜನ್. ಭಾವನ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ನ್ಯೂಕ್ಲಿಯಸ್ಸನ್ನು ತ್ರೀ-ಡಿಯಲ್ಲಿ ನೋಡಿದರೆ ಖಚಿತವಾಗುತ್ತೆ, ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ತುಂಡು) ತಂದುಕೊಡಿ ಅಂತಿದ್ದಾನೆ. ಏನು ಮಾಡಲಿ?

ಸರಸ್ವತಿಪುರಂ ಮಗಳು
ಒಂದೇ ವರದಿ ನಂಬಬೇಡಿ. ನಮ್ಮಮ್ಮನ ಸ್ತನ ಕ್ಯಾನ್ಸರ್‌ಗೆ ಮೊದಲ ಲ್ಯಾಬು ಕೊಟ್ಟಿದ್ದು ಗ್ರೇಡ್ (ಕೋಶಗಳು ಎಷ್ಟು ಕೆಟ್ಟಿವೆ ಅನ್ನುವ ದರ್ಜೆ) 2, ಒಟ್ಟು ಅಂಕ 7. ಸ್ಲೈಡ್ ಬೆಂಗಳೂರಿಗೆ ಕಳಿಸಿದರೆ ಅಲ್ಲಿ 8, ಅಂದರೆ ಗ್ರೇಡ್ 3. ವ್ಯತ್ಯಾಸ ಬಂದಿದ್ದು ನ್ಯೂಕ್ಲಿಯಸ್‌ನ ರೂಪಕ್ಕೆ ಕೊಡುವ ಅಂಕದಲ್ಲಿ. ಒಬ್ಬರ ಕಣ್ಣಿಗೆ 2, ಇನ್ನೊಬ್ಬರ ಕಣ್ಣಿಗೆ 3.

ಖರ್ಚು ಕೇಳಿ. ಸ್ಲೈಡ್ ರಿವ್ಯೂ 1,800. ಐಎಚ್‌ಸಿ (ಕೋಶದ ಪ್ರೋಟೀನ್ ಗುರುತಿಸುವ ಬಣ್ಣದ ಪರೀಕ್ಷೆ) ಮತ್ತೊಮ್ಮೆ 4,200. ಅದರಲ್ಲಿ ಹರ್-2 ಪ್ರೋಟೀನ್ ಎರಡು ಪ್ಲಸ್, ಅಂದರೆ ಅನುಮಾನ ಅಂತ ಬಂತು, ಹಾಗಾಗಿ ಅದರ ಜೀನ್ ಎಣಿಸುವ ಫಿಶ್ ಪರೀಕ್ಷೆ 11,500. ಬ್ಲಾಕ್ ಬಿಡಿಸಿಕೊಳ್ಳಲು 500, ಅದಕ್ಕೆ ರಸೀದಿ ಕೇಳಿದರೆ ಜಗಳ. ಕೊರಿಯರ್‌ನಲ್ಲಿ ಒಂದು ಸ್ಲೈಡ್ ಒಡೆಯಿತು, ಮತ್ತೆ ಕತ್ತರಿಸಿ ಬಣ್ಣ ಹಾಕಲು 350. ಒಟ್ಟು 18,350. ದಂಡ ಅಂತ ನೆಂಟರೆಲ್ಲ ಹೇಳಿದರು. ಫಿಶ್‌ನಲ್ಲಿ ಹರ್-2 ಜೀನಿಗೂ 17ನೇ ಕ್ರೊಮೊಸೋಮಿಗೂ ಅನುಪಾತ 2.1 ಬಂತು, ಪಾಸಿಟಿವ್. ಹರ್-2 ವಿರುದ್ಧದ ಔಷಧ ಟ್ರಾಸ್ಟುಜುಮ್ಯಾಬ್ ಶುರುವಾಗಿದ್ದೇ ಅದರಿಂದ. ಅಮ್ಮ ಈಗ ಚೆನ್ನಾಗಿದ್ದಾರೆ. ಆ ನೆಂಟರಿಗೆ ನನ್ನ ಉತ್ತರ ಅದೇ.

ಅಮೆರಿಕದಲ್ಲಿ ತುಂಡು ಪರೀಕ್ಷಿಸುವ ವೈದ್ಯರಾದ 115 ಪೆಥಾಲಜಿಸ್ಟ್‌ಗಳಿಗೆ ಸ್ತನದ ಬಯಾಪ್ಸಿ ಸ್ಲೈಡ್ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಇನ್ವೇಸಿವ್ (ನಾಳದಿಂದ ಹೊರಗೆ ನುಗ್ಗಿದ) ಕ್ಯಾನ್ಸರ್ ಆದರೆ ತಜ್ಞರ ತೀರ್ಪಿನ ಜೊತೆ ಶೇ 96 ಹೊಂದಿಕೆ. ಎಟಿಪಿಯಾ (ಎಡಿಎಚ್‌ನಂಥ ಅಸಹಜ ಕೋಶ) ಆದರೆ ಶೇ 48 ಮಾತ್ರ. ಇಷ್ಟಾದ ಮೇಲೂ ರಿವ್ಯೂ ಬೇಡ ಅನ್ನುವವರಿಗೆ ಏನು ಹೇಳೋದು?

ಮದ್ದೂರು ಗದ್ದೆ
ರಿವ್ಯೂ, ತ್ರೀ-ಡಿ ಎಲ್ಲ ಆಮೇಲೆ. ತುಂಡನ್ನು ಯಾವ ಬಾಟಲಿಗೆ ಹಾಕಿದರು ಅಂತ ಮೊದಲು ಕೇಳಿ. ನನ್ನ ಹೆಂಡತಿಗೆ ಒಂದು ನರ್ಸಿಂಗ್ ಹೋಮಿನಲ್ಲಿ ಶನಿವಾರ ಸಂಜೆ ಬಯಾಪ್ಸಿ ತೆಗೆದರು. ತುಂಡು ಕೆಡದಂತೆ ಇಡುವ ಫಾರ್ಮಲಿನ್ ಖಾಲಿ ಅಂತ ಸಲೈನ್‌ನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಸೋಮವಾರ ಕೊಟ್ಟರೆ ಸಾಕು ಅಂದರು. ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕಾದದ್ದು ಸಲೈನ್‌ನಲ್ಲಿ ಕೊಳೆಯಿತು. ನ್ಯೂಕ್ಲಿಯಸ್ ವಿವರ ಕಾಣುತ್ತಿಲ್ಲ ಅಂತ ವರದಿ. ಇಆರ್ (ಈಸ್ಟ್ರೊಜೆನ್ ಹಾರ್ಮೋನಿಗೆ ಸ್ಪಂದಿಸುವ ಪ್ರೋಟೀನ್) ನೆಗೆಟಿವ್. ಆಪರೇಷನ್ ಆದ ಮೇಲೆ ದೊಡ್ಡ ಗಂಟಿನಲ್ಲಿ ನೋಡಿದರೆ ಇಆರ್ ಪಾಸಿಟಿವ್!

ಬಯಾಪ್ಸಿ 6,500. ಕೆಟ್ಟ ತುಂಡಿಗೆ ಐಎಚ್‌ಸಿ 3,800. ಮತ್ತೆ ಐಎಚ್‌ಸಿ 4,000. ಮೈಸೂರಿಗೆ ಕಾರು ಪ್ರತಿ ಸಲ 2,200, ಅವಳಿಗೆ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಕಬ್ಬಿನ ದುಡ್ಡು ಬಂದಿರಲಿಲ್ಲ, ಎರಡು ರೂಪಾಯಿ ಬಡ್ಡಿಗೆ ತಂದೆ. ಆ ಬಡ್ಡಿ ಇನ್ನೂ ಕಟ್ಟುತ್ತಿದ್ದೇನೆ. ಒಂದು ಬಾಟಲಿ ಫಾರ್ಮಲಿನ್ ಇಟ್ಟುಕೊಳ್ಳದವರಿಂದ ಇಷ್ಟೆಲ್ಲ ಆಯಿತು.

ಹೂಟಗಳ್ಳಿ ಅಮ್ಮ
ನಾವು ತ್ರೀ-ಡಿಯೇ ಮಾಡಿಸಿದ್ದು. ಮಾಮೂಲಿಗಿಂತ 1,400 ಜಾಸ್ತಿ ಆಯಿತು. ಹದಿನೈದು ನಿಮಿಷದ ಕೆಲಸ. ಸುಮ್ನೆ ಹೆದರಬೇಡಿ, ಮಾಡಿಸಿ. ಮದ್ದೂರಿನವರೇ, ಭಾನುವಾರ ತೆರೆದಿರುವ ಲ್ಯಾಬು ಮೈಸೂರಿನಲ್ಲಿ ಇರುತ್ತೆ. ನೀವು ಎರಡು ರಾತ್ರಿ ಮನೆಯಲ್ಲಿ ಇಟ್ಟುಕೊಂಡಿದ್ದು ಯಾಕೆ?

ಹಳೆಯ ಲ್ಯಾಬ್ ಟೆಕ್ನಿಷಿಯನ್
ಹೂಟಗಳ್ಳಿಯವರೇ, ದಯವಿಟ್ಟು ಜನರ ದಾರಿ ತಪ್ಪಿಸಬೇಡಿ. ನೀವು ಮಾಡಿಸಿದ್ದು ಟೊಮೊಸಿಂಥೆಸಿಸ್, ಇಡೀ ಸ್ತನದ ತ್ರೀ-ಡಿ ಎಕ್ಸ್‌ರೇ. ಇವರು ಕೇಳುತ್ತಿರುವುದು ಹೆಚ್ಚುಕಡಿಮೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ನ್ಯೂಕ್ಲಿಯಸ್ ಬಗ್ಗೆ.

ನಾನು ಇಡೀ ನೌಕರಿ ತುಂಡು ಕತ್ತರಿಸುವ ಯಂತ್ರ ಮೈಕ್ರೊಟೋಮ್ ಮುಂದೆ ಕಳೆದವನು. ನಾವು ಕತ್ತರಿಸುವುದು 4 ಮೈಕ್ರಾನ್ ದಪ್ಪಕ್ಕೆ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರನೇ ಒಂದು ಭಾಗ. ನ್ಯೂಕ್ಲಿಯಸ್ 8, 10 ಇರುತ್ತೆ, ಕ್ಯಾನ್ಸರ್‌ನಲ್ಲಿ ಇನ್ನೂ ದೊಡ್ಡದು. ಗಾಜಿನ ಮೇಲೆ ಸಿಗುವುದು ಅದರ ಒಂದು ಬಿಲ್ಲೆ. ನಿಂಬೆಹಣ್ಣಿನ ತುದಿಯ ಬಿಲ್ಲೆ ನೋಡಿ ಹಣ್ಣೇ ಚಿಕ್ಕದು ಅಂದ ಹಾಗೆ ಆಗುತ್ತೆ. ಅದಕ್ಕೇ ತ್ರೀ-ಡಿ ವಿಚಾರವನ್ನು ನಾನು ತಳ್ಳಿಹಾಕಲ್ಲ. ದಪ್ಪ ಸೆಕ್ಷನ್ ತೆಗೆದು, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿ, ಕಾನ್‌ಫೋಕಲ್‌ನಲ್ಲಿ (ಲೇಸರ್ ಮೈಕ್ರೊಸ್ಕೋಪ್) ಪದರ ಪದರವಾಗಿ ಚಿತ್ರ ತೆಗೆದು ಜೋಡಿಸುತ್ತಾರೆ. ಗಾತ್ರ, ಮೇಲ್ಮೈಯ ಉಬ್ಬುತಗ್ಗು, ಒಳಗೆ ಕ್ರೊಮಾಟಿನ್ (ಡಿಎನ್‌ಎ ಮತ್ತು ಪ್ರೋಟೀನಿನ ಸುರುಳಿ) ಹರಡಿರುವ ರೀತಿ ಎಲ್ಲ ಅಳೆಯಬಹುದು. ಆದರೆ ಆಳದ ದಿಕ್ಕಿನಲ್ಲಿ ಚಿತ್ರ ಮಸುಕು. 2012ರಲ್ಲಿ ಅರಿಜೋನಾದ ಸಂಶೋಧಕರು ಒಂದೊಂದೇ ಕೋಶವನ್ನು ತಿರುಗಿಸಿ ಸುತ್ತಲಿಂದಲೂ ಚಿತ್ರ ತೆಗೆದಿದ್ದು ಅದಕ್ಕೇ. ಅವು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು, ರೋಗಿಯ ಬಯಾಪ್ಸಿ ಅಲ್ಲ.

ನಿಮ್ಮಕ್ಕನ ಪ್ರಶ್ನೆ ಬೇರೆ. ಇಷ್ಟು ಗಾತ್ರ ದಾಟಿದರೆ ಡಿಸಿಐಎಸ್ ಅನ್ನುವ ಒಪ್ಪಿತ ತ್ರೀ-ಡಿ ಅಳತೆ ಇಲ್ಲ. ಎಡಿಎಚ್, ಡಿಸಿಐಎಸ್ ಬೇರೆ ಮಾಡುವಾಗ ಎಷ್ಟು ನಾಳ ತುಂಬಿದೆ, 2 ಮಿಲಿಮೀಟರ್ ದಾಟಿದೆಯಾ ಅಂತಲೂ ನೋಡುತ್ತಾರೆ. ಸೂಜಿಗೆ ಸಿಗದೆ ಒಳಗೆ ಉಳಿದಿದ್ದನ್ನು ಯಾವ ಮೈಕ್ರೊಸ್ಕೋಪೂ ತೋರಿಸಲ್ಲ. ಸರ್ಜನ್ ತೆಗೆಸಿ ಅನ್ನುವುದು ಅದಕ್ಕೆ. ಬ್ಲಾಕ್ ಕೊಟ್ಟು ದಪ್ಪ ದಪ್ಪ ಕತ್ತರಿಸಿದರೆ ನಾಳೆ ಐಎಚ್‌ಸಿಗೆ ತುಂಡೇ ಉಳಿಯಲ್ಲ. ಆ ಹುಡುಗನಿಗೆ ಇದನ್ನು ಹೇಳಿ.

ಸರಸ್ವತಿಪುರಂ ಮಗಳು
ಬಿಲ್ಲೆ ಅಷ್ಟೇ ಸಿಗೋದು ಅಂದರೆ ನಮ್ಮಮ್ಮನ 2.1 ಸುಳ್ಳು ಅಂತೀರಾ? ಅದರ ಮೇಲೆ ವರ್ಷವಿಡೀ ಚಿಕಿತ್ಸೆ ಆಗಿದೆ ಸಾರ್.

ಹಳೆಯ ಲ್ಯಾಬ್ ಟೆಕ್ನಿಷಿಯನ್
ಸುಳ್ಳು ಅಂತ ಎಲ್ಲಿ ಬರೆದೆನಮ್ಮಾ? ನ್ಯೂಕ್ಲಿಯಸ್ ತುಂಡಾದರೆ ಫಿಶ್‌ನಲ್ಲಿ ಹೊಳೆಯುವ ಹರ್-2 ಚುಕ್ಕೆಯೂ ಕಳೆಯುತ್ತೆ, 17ನೇ ಕ್ರೊಮೊಸೋಮಿನ ಚುಕ್ಕೆಯೂ ಕಳೆಯುತ್ತೆ. ಬರೀ ಚುಕ್ಕೆ ಎಣಿಸಿದರೆ ಮೋಸ ಹೋಗುತ್ತೀವಿ. ಅನುಪಾತ ತೆಗೆದರೆ ಆ ದೋಷ ಬಹಳ ಮಟ್ಟಿಗೆ ಸರಿಹೋಗುತ್ತೆ.

ಮದ್ದೂರು ಗದ್ದೆ
ಹೂಟಗಳ್ಳಿಯವರೇ, ಸೋಮವಾರ ಸಾಕು ಅಂದವರು ಡಾಕ್ಟರು. ಅವರ ಮಾತು ಮೀರಿ ಬಾಟಲಿ ಹಿಡಿದುಕೊಂಡು ಮೈಸೂರೆಲ್ಲ ಅಲೆಯಬೇಕಿತ್ತಾ? ಮನೆಯಲ್ಲಿ ಹೆಂಡತಿ ನೋವಿನಲ್ಲಿದ್ದಳು. ಊರಲ್ಲೇ ಇರುವವರಿಗೆ ಮಾತು ಸುಲಭ.

ಹೂಟಗಳ್ಳಿ ಅಮ್ಮ
ಕೇಳಿದ್ದೇ ತಪ್ಪಾ? ನಿಮ್ಮ ಹತ್ತಿರ ಬಿಪಿಎಲ್ ಕಾರ್ಡ್ ಇದ್ದರೆ 5 ಲಕ್ಷದವರೆಗೆ ಸರ್ಕಾರವೇ ಕೊಡುತ್ತೆ. ನಮ್ಮದು ಎಪಿಎಲ್. ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿ. ಕಷ್ಟ ನಮಗೂ ಇದೆ.

ಮದ್ದೂರು ಗದ್ದೆ
ಕಾರ್ಡಿಗೆ ಬಯಾಪ್ಸಿ ಬಿಲ್ಲು ತೋರಿಸಿ ನೋಡಿ. ಅಡ್ಮಿಟ್ ಆಗುವ ಮುಂಚೆ ಹೊರಗಡೆ ಮಾಡಿಸಿದ್ದು ಅಂತ ನನ್ನದನ್ನು ವಾಪಸ್ ಕೊಟ್ಟರು. ಬಿಪಿಎಲ್ ಅಂದ ಕೂಡಲೇ ಎಲ್ಲ ಪುಕ್ಕಟೆ ಅಂದುಕೊಳ್ಳಬೇಡಿ.

ವಿಜಯನಗರದ ತಮ್ಮ, ಮೈಸೂರು
ಎಲ್ಲರಿಗೂ ಥ್ಯಾಂಕ್ಸ್. ಬ್ಲಾಕ್ ಆ ಹುಡುಗನಿಗೆ ಕೊಡ್ತಿಲ್ಲ. ಸ್ಲೈಡ್ ರಿವ್ಯೂಗೆ ಕೊಟ್ಟು, ಆಪರೇಷನ್‌ಗೂ ದಿನ ಕೇಳಿದ್ದೇವೆ. ನಮ್ಮದೂ ಎಪಿಎಲ್. ಆ ಸರ್ಕಾರಿ ಸಹಾಯ ಸಿಗಲು ಖಾಸಗಿ ಆಸ್ಪತ್ರೆಗೆ ರೆಫರಲ್ ಎಲ್ಲಿ ಬರೆಸಬೇಕು?

ಮದ್ದೂರು ಗದ್ದೆ
ಸರ್ಕಾರಿ ಆಸ್ಪತ್ರೆಯಿಂದಲೇ ಆಗಬೇಕು. ನಿಮಗೆ ಕೆ.ಆರ್. ಆಸ್ಪತ್ರೆ ಹತ್ತಿರ. ರೇಷನ್ ಕಾರ್ಡು, ಆಧಾರ್, ಬಯಾಪ್ಸಿ ವರದಿ ಮೂರಕ್ಕೂ ಜೆರಾಕ್ಸ್ ಇಟ್ಟುಕೊಂಡು ಬೆಳಿಗ್ಗೆಯೇ ಹೋಗಿ. ಆಪರೇಷನ್ ದಿನ ತುಂಡು ಫಾರ್ಮಲಿನ್‌ಗೆ ಹೋಯಿತಾ ಅಂತ ಕೇಳಿ, ಬೈದರೂ ಕೇಳಿ. ಹೂಟಗಳ್ಳಿಯವರು ಎರಡು ರಾತ್ರಿಯ ಮಾತು ವಾಪಸ್ ತೆಗೆದುಕೊಳ್ಳುವ ತನಕ ಅವರಿಗೆ ನಾನು ಉತ್ತರ ಕೊಡಲ್ಲ.