ಪ್ರೋಟೀನ್ ರಚನೆಯ ಹಂತಗಳು ಕಲಸಿಹೋಗುತ್ತಿವೆ, ನೀವು ಹೇಗೆ ಕಲಿತಿರಿ?

ಪ್ರಶ್ನೆ: ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ ಅಂತ ಹೆಸರುಗಳೇನೋ ಬಾಯಿಗೆ ಬಂದಿವೆ. ಆದರೆ ಹೈಡ್ರೋಜನ್ ಬಂಧ ಎರಡನೇ ಹಂತದಲ್ಲೂ ಇದೆ, ಮೂರನೆಯದರಲ್ಲೂ ಇದೆ. ಪರೀಕ್ಷೆಯಲ್ಲಿ ಪ್ರತಿ ಸಲ ಅಲ್ಲೇ ತಪ್ಪುತ್ತೇನೆ. ಯಾವ ದಾರಿ ನಿಮಗೆ ಕೈಹಿಡಿಯಿತು?

ಮೊದಲ ಉತ್ತರ: ನಾನೂ ಅಲ್ಲೇ ಎಡವಿದ್ದೆ. ಬಂಧದ ಹೆಸರು ಬಿಡಿ. ಯಾವುದು ಯಾವುದನ್ನು ಹಿಡಿದಿದೆ ಅಂತ ನೋಡಿ. ಅಮೈನೋ ಆಮ್ಲಗಳನ್ನು ಪೆಪ್ಟೈಡ್ ಬಂಧದಲ್ಲಿ ಪೋಣಿಸಿದ ಕ್ರಮ ಪ್ರಾಥಮಿಕ ರಚನೆ. ಆ ಸರಪಳಿಯ ಬೆನ್ನೆಲುಬಿನ (ಎಲ್ಲ ಅಮೈನೋ ಆಮ್ಲಗಳಲ್ಲೂ ಒಂದೇ ಥರ ಇರುವ ಮುಖ್ಯ ಎಳೆಯ) ಒಂದು ಜಾಗ ಇನ್ನೊಂದು ಜಾಗವನ್ನು ಹಿಡಿದರೆ ದ್ವಿತೀಯಕ. ಪಕ್ಕಕ್ಕೆ ಚಾಚಿದ ಆರ್ ಗುಂಪುಗಳು, ಅಂದರೆ ಒಂದೊಂದು ಅಮೈನೋ ಆಮ್ಲಕ್ಕೂ ಬೇರೆ ಬೇರೆಯಾಗಿರುವ ಭಾಗಗಳು, ಒಂದನ್ನೊಂದು ಹಿಡಿದು ಇಡೀ ಸರಪಳಿ ಮಡಚಿಕೊಂಡರೆ ತೃತೀಯಕ.

ನನಗೆ ಇದು ಹೊಳೆದದ್ದು ಒಂದು ಕಾಗದದ ಪಟ್ಟಿಯಿಂದ. ಸಮ ಅಂತರದಲ್ಲಿ 1ರಿಂದ 12ರವರೆಗೆ ಬರೆದು, ಒಂದು ಸುತ್ತಿಗೆ ಮೂರೂವರೆಗಿಂತ ಸ್ವಲ್ಪ ಜಾಸ್ತಿ ಸಂಖ್ಯೆ ಬರುವಂತೆ ಪೆನ್ನಿಗೆ ಸುತ್ತಿದೆ. 1ರ ನೇರಕ್ಕೆ 4 ಮತ್ತು 5ರ ನಡುವಿನ ಜಾಗ ಬಂತು. ದ್ವಿತೀಯಕ ರಚನೆಯ ಸುರುಳಿ ಆಕಾರವಾದ ಆಲ್ಫಾ ಹೆಲಿಕ್ಸ್ ಕೂಡ ಹೀಗೇ. ಸುತ್ತಿಗೆ 3.6 ಅಮೈನೋ ಆಮ್ಲ. 1ನೆಯದರ ಬೆನ್ನೆಲುಬಿನ ಆಕ್ಸಿಜನ್ 5ನೆಯದರ ಎನ್‌ಎಚ್ ಜೊತೆ ಹೈಡ್ರೋಜನ್ ಬಂಧ ಮಾಡುತ್ತದೆ. ಆರ್ ಗುಂಪುಗಳೆಲ್ಲ ಹೊರಕ್ಕೆ ಮುಖ ಮಾಡಿರುತ್ತವೆ, ಈ ಬಂಧದಲ್ಲಿ ಅವಕ್ಕೆ ಪಾಲೇ ಇಲ್ಲ. ಸುಮ್ನೆ ಓದುವುದಕ್ಕಿಂತ ಒಮ್ಮೆ ಸುತ್ತಿ ನೋಡಿ, ನಿಜಕ್ಕೂ ಮರೆಯುವುದಿಲ್ಲ.

ಇನ್ನೊಬ್ಬರು: ಒಂದಕ್ಕಿಂತ ಹೆಚ್ಚು ಸರಪಳಿಗಳು ಕೂಡಿಕೊಂಡರೆ ಚತುರ್ಥಕ. ಅದಕ್ಕೆ ನಾನು ಆಕ್ಸಿಜನ್ ಹಿಡಿಯುವ ಎರಡು ಪ್ರೋಟೀನ್‌ಗಳನ್ನು, ಸ್ನಾಯುವಿನ ಮಯೋಗ್ಲೋಬಿನ್ ಮತ್ತು ರಕ್ತದ ಹಿಮೋಗ್ಲೋಬಿನ್ ಅನ್ನು, ಪಕ್ಕಪಕ್ಕ ಇಟ್ಟು ಓದಿದೆ. ಮಯೋಗ್ಲೋಬಿನ್‌ನಲ್ಲಿ ಇರುವುದು ಒಂದೇ ಸರಪಳಿ, 153 ಅಮೈನೋ ಆಮ್ಲ. ಹಾಗಾಗಿ ಚತುರ್ಥಕ ರಚನೆಯೇ ಇಲ್ಲ. ಹಿಮೋಗ್ಲೋಬಿನ್‌ಗೆ ನಾಲ್ಕು ಸರಪಳಿ: 141 ಅಮೈನೋ ಆಮ್ಲಗಳ ಎರಡು ಆಲ್ಫಾ ಸರಪಳಿ, 146ರ ಎರಡು ಬೀಟಾ ಸರಪಳಿ. ಬೀಟಾದ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಸಾಕು, ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಉದ್ದ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಒಂದೇ ಒಂದು ಅಕ್ಷರದ ತಪ್ಪು! ಇದನ್ನು ಓದಿದ ಮೇಲೆ ಪ್ರಾಥಮಿಕ ರಚನೆ ಅಂದರೆ ಬರೀ ಪಟ್ಟಿ ಅನ್ನುವ ಉದಾಸೀನ ನನ್ನಲ್ಲಿ ಉಳಿಯಲಿಲ್ಲ.

ಪ್ರಶ್ನೆ ಕೇಳಿದವರು: ಪಟ್ಟಿ ಸುತ್ತಿ ನೋಡಿದೆ, ಈಗ ಅರ್ಥವಾಯಿತು. ಬಿಸಿ ಮಾಡಿದರೆ ನಾಲ್ಕೂ ಹಂತ ಹಾಳಾಗುತ್ತವೆ, ಅಲ್ವಾ?

ಮೊದಲ ಉತ್ತರದವರು: ಇಲ್ಲ. ಸಾಮಾನ್ಯ ಬಿಸಿಗೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಪೆಪ್ಟೈಡ್ ಬಂಧ ಗಟ್ಟಿಯಾಗಿ ನಿಲ್ಲುತ್ತದೆ. ಕ್ರಿಶ್ಚಿಯನ್ ಆನ್ಫಿನ್ಸೆನ್ ಅವರ ಪ್ರಯೋಗ ಓದಿ, 1972ರ ನೊಬೆಲ್ ಅವರ ಈ ಕೆಲಸಕ್ಕೇ ಬಂತು. 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು (ಆರ್‌ಎನ್‌ಎ ಕತ್ತರಿಸುವ ಪ್ರೋಟೀನ್) ಅವರು ಬಿಸಿಯಿಂದಲ್ಲ, ಯೂರಿಯಾದಂಥ ರಾಸಾಯನಿಕಗಳಿಂದ ಬಿಚ್ಚಿದರು. ಗಂಧಕದ ಪರಮಾಣುಗಳನ್ನು ಜೋಡಿಸುವ ಅದರ ನಾಲ್ಕು ಡೈಸಲ್ಫೈಡ್ ಬಂಧಗಳನ್ನೂ ಕಡಿದರು. ಆ ರಾಸಾಯನಿಕಗಳನ್ನು ತೆಗೆದ ಮೇಲೆ ಅದು ತಾನಾಗಿಯೇ ಮೊದಲಿನಂತೆ ಮಡಚಿಕೊಂಡು ಮತ್ತೆ ಕೆಲಸ ಶುರು ಮಾಡಿತು.