ಹೋಂಡಾ ಮಂಕಿ ಝಡ್50ಎಂ: 1:6 ಪ್ರಮಾಣದ ಮಾದರಿಯನ್ನು ಎಲ್ಲಿಂದ ಆರಂಭಿಸಬೇಕು?

ಬಸವನಗುಡಿ ಹವ್ಯಾಸಿ

ಎಲ್ಲರಿಗೂ ನಮಸ್ಕಾರ.

ಹೋಂಡಾ ಕಂಪನಿಯು 1967ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಝಡ್50ಎಂ, ಅಂದರೆ ‘ಮಂಕಿ’ ಎಂದೇ ಹೆಸರಾದ ಗಿಡ್ಡ ಬೈಕಿನ ಮಾದರಿಯನ್ನು 1:6 ಪ್ರಮಾಣದಲ್ಲಿ, ಅಂದರೆ ಮೂಲದ ಆರನೇ ಒಂದರಷ್ಟು ಗಾತ್ರದಲ್ಲಿ, ಕೈಯಾರೆ ಮಾಡಬೇಕೆಂದಿದ್ದೇನೆ. ಪ್ಲಾಸ್ಟಿಕ್ ಕಿಟ್‌ಗಳನ್ನು ಹಲವು ವರ್ಷಗಳಿಂದ ಜೋಡಿಸುತ್ತ ಬಂದಿದ್ದರೂ ಬರಿಯ ಹಾಳೆ, ಕಡ್ಡಿ, ಕೊಳವೆಗಳಿಂದ ಆರಂಭಿಸುವುದು ನನಗೆ ಹೊಸದು. ಕೆಂಪು ಚೌಕಟ್ಟು, ಬಿಳಿ ಟ್ಯಾಂಕು, ಚೌಕಳಿ ಬಟ್ಟೆಯ ಸೀಟು ಇರುವ ಗಾಡಿಯೇ ನನ್ನ ಗುರಿ.

ನಾಲ್ಕು ವಿಷಯಗಳಲ್ಲಿ ಬಲ್ಲವರ ಸಲಹೆ ಬೇಕಾಗಿದೆ. ಅಳತೆಗಳಿರುವ ನಕ್ಷೆ ನನ್ನ ಬಳಿ ಇಲ್ಲ. ಕೆಲವು ಫೋಟೋಗಳಷ್ಟೇ ಇವೆ. ಅವುಗಳಿಂದ ನಂಬಬಹುದಾದ ಅಳತೆ ತೆಗೆಯುವುದು ಹೇಗೆ? ತಮಿಯಾ ಕಂಪನಿಯ 1:6 ಮಂಕಿ ಕಿಟ್ ಕೊಂಡು ಅದರ ಭಾಗಗಳನ್ನು ಬಳಸಿಕೊಂಡರೆ ಕೆಲಸ ಹಗುರವಾಗುತ್ತದೆಯೇ? ಮೂಲ ಗಾಡಿಯ ಹ್ಯಾಂಡಲ್ ಎರಡೂ ಕಡೆ ಮಡಚುತ್ತಿತ್ತು. ಮಾದರಿಯಲ್ಲಿಯೂ ಅದು ನಿಜವಾಗಿ ಮಡಚುವಂತೆ ಮಾಡಬಹುದೇ? ಕೊನೆಯದಾಗಿ, ಆ ಚೌಕಳಿ ಸೀಟನ್ನು ಯಾವುದರಿಂದ ಮಾಡಿದರೆ ಸರಿಯಾಗಿ ಕಾಣುತ್ತದೆ?

ಹಿತ್ತಾಳೆ ಕಡ್ಡಿ

ಒಳ್ಳೆಯ ಗಾಡಿಯನ್ನೇ ಆರಿಸಿಕೊಂಡಿದ್ದೀರಿ. ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮ ಬಳಿಯಿರುವ ಫೋಟೋಗಳೆಲ್ಲ ಒಂದೇ ಗಾಡಿಯವೇ ಎಂಬುದನ್ನು ದಯವಿಟ್ಟು ಪರಿಶೀಲಿಸಿ, ಏಕೆಂದರೆ ‘ಮಂಕಿ’ ಎಂಬ ಒಂದೇ ಹೆಸರಿನಡಿ ಹಲವು ಗಾಡಿಗಳು ಬಂದುಹೋಗಿವೆ. 1961ರ ಝಡ್100 ಟೋಕಿಯೋದ ತಾಮಾ ಟೆಕ್ ಮನರಂಜನಾ ಉದ್ಯಾನದಲ್ಲಿ ಮಕ್ಕಳ ಸವಾರಿಗೆಂದು ಮಾಡಿದ್ದು. ಅದು ಅಂಗಡಿಗೆ ಬರಲೇ ಇಲ್ಲ. ದೊಡ್ಡವರು ಅದರ ಮೇಲೆ ಮಂಡಿ ಮಡಚಿ ಕುಳಿತಾಗ ಕಾಣುತ್ತಿದ್ದ ಭಂಗಿಯಿಂದಲೇ ಈ ಹೆಸರು ಹುಟ್ಟಿತು ಎನ್ನುತ್ತಾರೆ. ಅನಂತರ ಹೊರದೇಶಗಳಿಗೆ ರಫ್ತಾದ ಸಿಝಡ್100, 1967ರಲ್ಲಿ ನಿಮ್ಮ ಝಡ್50ಎಂ, 1969ರಲ್ಲಿ ಎಂಟು ಇಂಚಿನ ಚಕ್ರದ ಝಡ್50ಎ, 1974ರಲ್ಲಿ ಹಿಂದೆಯೂ ಸಸ್ಪೆನ್ಷನ್ ಪಡೆದ ಝಡ್50ಜೆ ಬಂದವು. ಸಿಝಡ್100 ಮತ್ತು ಝಡ್50ಎಂ ಎರಡಕ್ಕೂ ಐದು ಇಂಚಿನ ಚಕ್ರಗಳಿದ್ದು, ಎರಡರಲ್ಲಿಯೂ ಸಸ್ಪೆನ್ಷನ್ ಇಲ್ಲ. ಆದ್ದರಿಂದ ಅಂತರ್ಜಾಲದ ಚಿತ್ರಗಳಲ್ಲಿ ಇವೆರಡನ್ನೂ ಕಲಸಿಬಿಡುವವರೇ ಹೆಚ್ಚು. ಹ್ಯಾಂಡಲಿನ ಬುಡದಲ್ಲಿ ಕೈಯಿಂದ ತಿರುಗಿಸುವ ದಪ್ಪ ಗುಬುಟುಗಳಿದ್ದರೆ ಅದು ನಿಮ್ಮ ಗಾಡಿ.

ಇನ್ನು ಅಳತೆಯ ವಿಷಯ. ಫೋಟೋದಿಂದ ಅಳತೆ ತೆಗೆಯಲು ಸಂಶಯಕ್ಕೆ ಎಡೆಯಿಲ್ಲದ ಒಂದು ಅಂಕಿ ಕೈಯಲ್ಲಿರಬೇಕು, ಮತ್ತು ಆ ಅಂಕಿ ಟೈರಿನ ಮೇಲೆಯೇ ಅಚ್ಚಾಗಿದೆ: 4.00-5. ಟೈರಿನ ಅಗಲ ನಾಲ್ಕು ಇಂಚು, ರಿಮ್ಮಿನ ವ್ಯಾಸ ಐದು ಇಂಚು. ಈ ಬಗೆಯ ಹಳೆಯ ಟೈರುಗಳಲ್ಲಿ ಎತ್ತರವೂ ಸುಮಾರು ಅಗಲದಷ್ಟೇ ಇರುವುದರಿಂದ ಹೊರ ವ್ಯಾಸ ಹದಿಮೂರು ಇಂಚಿನ ಆಸುಪಾಸು, ಅಂದರೆ 330 ಮಿ.ಮೀ. ಎಂದಾಗುತ್ತದೆ. 1:6ರಲ್ಲಿ ಅದು 55 ಮಿ.ಮೀ. ಫೋಟೋವನ್ನು ಚಕ್ರ 55 ಮಿ.ಮೀ. ಬರುವ ಗಾತ್ರಕ್ಕೆ ಮುದ್ರಿಸಿಕೊಂಡರೆ ಉಳಿದದ್ದನ್ನು ವರ್ನಿಯರ್ ಹಿಡಿದು ನೇರವಾಗಿ ಅಳೆಯಬಹುದು. ಆ ಕಾಲದ ಹ್ಯಾಂಡಲ್ ಕೊಳವೆಗಳ ಸಾಮಾನ್ಯ ದಪ್ಪ 22.2 ಮಿ.ಮೀ.; ನಿಮ್ಮ ಮುದ್ರಿತ ಚಿತ್ರದಲ್ಲಿ ಅದು 3.7 ಮಿ.ಮೀ. ಆಸುಪಾಸಿನಲ್ಲಿ ಬರದಿದ್ದರೆ ಆ ಫೋಟೋವನ್ನು ಬದಿಗಿಡಿ.

ಫೋಟೋ ಕೈಕೊಡುವುದಕ್ಕೆ ಸಾಮಾನ್ಯ ಕಾರಣ ಕ್ಯಾಮೆರಾ ತೀರ ಹತ್ತಿರವಿರುವುದು. ಗಾಡಿ ಚಿಕ್ಕದೆಂದು ಜನ ಹತ್ತಿರ ಹೋಗಿ, ಮೇಲಿನಿಂದ ಬಗ್ಗಿ ತೆಗೆಯುತ್ತಾರೆ. ಆಗ ಹ್ಯಾಂಡಲ್ ಹಿಗ್ಗಿ ಚಕ್ರ ಕುಗ್ಗುತ್ತದೆ. ದೂರ ನಿಂತು, ಇರುಸಿನ ಮಟ್ಟದಲ್ಲಿ ಕ್ಯಾಮೆರಾ ಇಟ್ಟು, ಅಪ್ಪಟ ಪಕ್ಕದಿಂದ ತೆಗೆದ ಚಿತ್ರ ಒಂದೇ ಸಿಕ್ಕರೂ ಸಾಕು. ಜಪಾನಿನ ಮೊಟೇಗಿಯಲ್ಲಿರುವ ಹೋಂಡಾ ಕಲೆಕ್ಷನ್ ಹಾಲಿಗೆ ಭೇಟಿ ಕೊಟ್ಟವರು ತೆಗೆದ ಚಿತ್ರಗಳಲ್ಲಿ ಹುಡುಕಿ.

ಚೌಕಟ್ಟಿನಿಂದಲ್ಲ, ಚಕ್ರದಿಂದ ಆರಂಭಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಗಾಡಿಯ ಅಂದವೆಲ್ಲ ದಪ್ಪ ಟೈರು ಮತ್ತು ಅದರ ಮೇಲಿನ ಪುಟ್ಟ ದೇಹದ ನಡುವಿನ ಅನುಪಾತದಲ್ಲಿದೆ. ದೊಡ್ಡ ಬೈಕಿನ ಮಾದರಿಯಲ್ಲಿ ಚಕ್ರ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಅದೃಷ್ಟಕ್ಕೆ ಕಡ್ಡಿಗಳನ್ನು ಹೆಣೆಯುವ ಕಷ್ಟ ಇಲ್ಲ: ರಿಮ್ ಎಂಬುದು ಒತ್ತಿ ರೂಪಿಸಿದ ಎರಡು ಉಕ್ಕಿನ ಬಟ್ಟಲುಗಳನ್ನು ಬೋಲ್ಟ್ ಹಾಕಿ ಕೂಡಿಸಿದ್ದು. ಟೈರಿಗೆ ನೈಲಾನ್ ಕಂಬಿಯಿಂದ ಮೂಲರೂಪವನ್ನು ಕಡೆದು, ಸಿಲಿಕೋನ್ ಅಚ್ಚು ತೆಗೆದು, ಕಪ್ಪು ಪಾಲಿಯುರೆಥೇನ್ ಎರಕ ಹೊಯ್ಯಿರಿ. ಮೆದು ಪಿವಿಸಿ ಟೈರು ಬೇಡ. ಅದರೊಳಗಿನ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಬಂದು ಸ್ಟೈರೀನ್ ಪ್ಲಾಸ್ಟಿಕ್ಕಿನ ರಿಮ್ಮನ್ನು ಕರಗಿಸುತ್ತದೆ.

ಎರಡನೆಯದು ತಗಡಿನ ದಪ್ಪ. ಒಂದು ಮಿ.ಮೀ. ಉಕ್ಕಿನ ಮಡ್‌ಗಾರ್ಡ್ 1:6ರಲ್ಲಿ 0.17 ಮಿ.ಮೀ. ಆಗಬೇಕು. ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆ ಬಳಸಿದರೆ ಮೂಲ ಗಾಡಿಯಲ್ಲಿ ಮೂರು ಮಿ.ಮೀ. ತಗಡು ಹಾಕಿದಂತೆ ಕಾಣುತ್ತದೆ. ನಾನು 0.2 ಮಿ.ಮೀ. ತಾಮ್ರದ ತಗಡನ್ನು ಬಳಸುತ್ತೇನೆ. ಅದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಮರದ ಅಚ್ಚಿನ ಮೇಲಿಟ್ಟು ಅಂಚನ್ನು ಸ್ವಲ್ಪಸ್ವಲ್ಪವೇ ಬಡಿದು ಬಗ್ಗಿಸಬೇಕು. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ. ಸುತ್ತಿಗೆಯ ಸದ್ದು ಮಂದವಾಗಿದ್ದದ್ದು ಟಣ್ ಎನ್ನತೊಡಗಿದರೆ ಮತ್ತೆ ಕಾಯಿಸುವ ಸಮಯ ಬಂದಿತೆಂದು ತಿಳಿಯಿರಿ, ಇಲ್ಲವಾದರೆ ಅಂಚು ಸೀಳುತ್ತದೆ.

ಅರ ಮತ್ತು ಎಮರಿ

ಹಿತ್ತಾಳೆ ಕಡ್ಡಿಯವರ ಮಾತಿಗೆ ಪೂರಕವಾಗಿ ತಮಿಯಾ ಕಿಟ್ಟಿನ ಬಗ್ಗೆ ಹೇಳುತ್ತೇನೆ. ಆ ಕಿಟ್ ಬಹಳ ಸೊಗಸಾದದ್ದು, ಆದರೆ ಅದು ನಿಮ್ಮ ಗಾಡಿಯಲ್ಲ. ಅದರಲ್ಲಿರುವುದು 2000ದ ಸುಮಾರಿನ ಮಂಕಿ: ಹನಿಯಾಕಾರದ ಟ್ಯಾಂಕು, ಎಂಟು ಇಂಚಿನ ಚಕ್ರ, ಹಿಂದೆ ಮುಂದೆ ಸಸ್ಪೆನ್ಷನ್. ಚೌಕಟ್ಟು, ಟ್ಯಾಂಕು, ಚಕ್ರ, ಸೀಟು ಯಾವುದೂ ಉಪಯೋಗಕ್ಕೆ ಬಾರದು. ಇಲ್ಲಿ ತರಿಸಿಕೊಳ್ಳಲು ತಗಲುವ ಬೆಲೆ ಮತ್ತು ಸುಂಕವನ್ನು ನೋಡಿದರೆ ಎಂಜಿನ್ ಒಂದಕ್ಕಾಗಿ ಅದನ್ನು ಕೊಳ್ಳುವುದು ನನಗಂತೂ ಸರಿ ಎನಿಸುವುದಿಲ್ಲ.

ಎಂಜಿನ್ ಕೂಡ ಹಾಗೆಯೇ ಕೂರುವುದಿಲ್ಲ. ಎರಡೂ ಹೋಂಡಾದ ಮಲಗಿದ ಸಿಲಿಂಡರಿನ ಒಂದೇ ವಂಶದವು. 49 ಸಿಸಿ, ಸಿಲಿಂಡರಿನ ವ್ಯಾಸ 39 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸಾಗುವ ದೂರ) 41.4 ಮಿ.ಮೀ. ಆದರೆ ಹೊಸದರಲ್ಲಿ ಕೈಕ್ಲಚ್ ಇರುವುದರಿಂದ ಬಲಗಡೆಯ ಕವರಿನ ಆಕಾರ ಬೇರೆ, ಅಲ್ಲಿಗೆ ಕೇಬಲ್ ಬಂದು ಸೇರುತ್ತದೆ. ಝಡ್50ಎಂನಲ್ಲಿ ಮೂರು ಗೇರು, ತಾನಾಗಿಯೇ ಹಿಡಿದು ಬಿಡುವ ಕ್ಲಚ್ಚು.

ಆದ್ದರಿಂದ ಎಂಜಿನ್ನನ್ನೂ ಮಾಡಿಬಿಡಿ. ನೋಡುವವರು ಹೆದರುವಷ್ಟು ಅದು ಕಷ್ಟವಲ್ಲ. ಸಿಲಿಂಡರಿನ ರೆಕ್ಕೆಗಳಿಗೆ ತೆಳು ಮತ್ತು ದಪ್ಪ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಬೇಕು: 0.3 ಮಿ.ಮೀ. ಹಾಳೆಯ ದೊಡ್ಡ ತುಂಡು, ಅದರ ಮೇಲೆ ಸ್ವಲ್ಪ ದಪ್ಪನೆಯ ಚಿಕ್ಕ ತುಂಡು, ಮತ್ತೆ ತೆಳುವಾದದ್ದು. ಎಲ್ಲ ತುಂಡುಗಳ ನಡುವೆ ಮೊದಲೇ ತೂತು ಕೊರೆದು ಒಂದೇ ಕಡ್ಡಿಗೆ ಪೋಣಿಸಿದರೆ ಸಾಲು ತಪ್ಪುವುದಿಲ್ಲ. ಹೆಡ್ಡಿನ ಮೇಲೊಂದು ಕೆಳಗೊಂದು ಷಡ್ಭುಜದ ವಾಲ್ವ್ ಮುಚ್ಚಳ, ಎಡಪಕ್ಕದಲ್ಲಿ ದುಂಡನೆಯ ಕವರು, ಇಷ್ಟು ಬಂದರೆ ಯಾವುದೇ ಮೆಕ್ಯಾನಿಕ್ ‘ಇದು ಹೋಂಡಾ’ ಎಂದು ಗುರುತಿಸುತ್ತಾನೆ. ಎರಕದ ಅಲ್ಯೂಮಿನಿಯಂ ಮೈ ಬೇಕಾದ ಕಡೆ ಪುಟ್ಟಿಯನ್ನು ತಿನ್ನರಿನಲ್ಲಿ ನೀರಾಗಿಸಿ, ಗಡಸು ಬ್ರಷ್ಷಿನ ತುದಿಯಿಂದ ಕುಟ್ಟುತ್ತ ಹಚ್ಚಿ.

ಕೇಬಲ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 0.8 ಮಿ.ಮೀ. ಸೋಲ್ಡರ್ ತಂತಿಯೇ ಸಾಕು, ಐದು ಮಿ.ಮೀ. ಕೇಬಲ್ ಈ ಪ್ರಮಾಣದಲ್ಲಿ ಸರಿಯಾಗಿ ಅಷ್ಟೇ ಆಗುತ್ತದೆ, ಬಗ್ಗಿಸಿದ ಹಾಗೆ ನಿಲ್ಲುತ್ತದೆ.

ಬಸವನಗುಡಿ ಹವ್ಯಾಸಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಫೋಟೋಗಳನ್ನು ಮತ್ತೆ ನೋಡಿದಾಗ ಕೆಲವು ಸಿಝಡ್100ರವೇ ಎಂಬುದು ಸ್ಪಷ್ಟವಾಯಿತು, ಅವನ್ನು ತೆಗೆದಿಟ್ಟಿದ್ದೇನೆ. ಒಬ್ಬ ಸ್ನೇಹಿತರು ಇಡೀ ಗಾಡಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತ್ರೀಡಿ ಪ್ರಿಂಟ್ ಮಾಡಿಬಿಡಿ, ತಾಮ್ರ ಬಡಿಯುವ ಗೋಜು ಏಕೆ ಎನ್ನುತ್ತಿದ್ದಾರೆ. ಇದಕ್ಕೆ ತಮ್ಮ ಅಭಿಪ್ರಾಯವೇನು? ಹ್ಯಾಂಡಲ್ ಮಡಚುವ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಪದರ ಪದರ

ನಾನು ರೆಸಿನ್ ಪ್ರಿಂಟರ್ (ಬೆಳಕಿಗೆ ಗಟ್ಟಿಯಾಗುವ ದ್ರವದಿಂದ ಪದರಪದರವಾಗಿ ಭಾಗಗಳನ್ನು ಮಾಡುವ ತ್ರೀಡಿ ಯಂತ್ರ) ಇಟ್ಟುಕೊಂಡವನು. ಆದರೂ ‘ಇಡೀ ಗಾಡಿ’ ಎಂಬ ಮಾತನ್ನು ಒಪ್ಪಲಾರೆ. ಟ್ಯಾಂಕು, ಕ್ರ್ಯಾಂಕ್‌ಕೇಸು, ಹೆಡ್‌ಲೈಟಿನ ಬಟ್ಟಲು, ಕಾರ್ಬುರೇಟರ್ ಇವುಗಳಿಗೆ ಪ್ರಿಂಟರ್ ಹೇಳಿ ಮಾಡಿಸಿದ್ದು. ವಿಶೇಷವಾಗಿ ಟೈರಿನ ಅಚ್ಚಿಗೆ ಬೇಕಾದ ಮೂಲರೂಪವನ್ನು ಟೈರಿನ ಮೇಲಿನ ಉಬ್ಬುಗಳ ಸಮೇತ ಪ್ರಿಂಟ್ ಮಾಡಿದರೆ ಕಡೆಯುವ ಶ್ರಮ ಉಳಿಯುತ್ತದೆ. ಒಂದು ಎಚ್ಚರಿಕೆ: ಹಲವು ರೆಸಿನ್‌ಗಳು ಪ್ಲಾಟಿನಂ ಬಗೆಯ ಸಿಲಿಕೋನ್ ಗಟ್ಟಿಯಾಗದಂತೆ ತಡೆಯುತ್ತವೆ. ಪ್ರಿಂಟನ್ನು ಚೆನ್ನಾಗಿ ತೊಳೆದು, ಪೂರ್ತಿ ಬೆಳಕು ತೋರಿಸಿ, ಮೇಲೆ ವಾರ್ನಿಷ್ ಹೊಡೆದ ಮೇಲೆಯೇ ಅಚ್ಚು ತೆಗೆಯಿರಿ. ಅಥವಾ ಟಿನ್ ಬಗೆಯ ಸಿಲಿಕೋನ್ ಬಳಸಿ.

ಚೌಕಟ್ಟು, ಫೋರ್ಕು, ಹ್ಯಾಂಡಲ್ ಮಾತ್ರ ಹಿತ್ತಾಳೆಯದೇ ಆಗಲಿ. ಉದ್ದನೆಯ ತೆಳು ರೆಸಿನ್ ಕಡ್ಡಿ ತಿಂಗಳು ಕಳೆದಂತೆ ತನ್ನ ಭಾರಕ್ಕೇ ಬಾಗುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಬೇಗ. ಮಡಚುವ ಹ್ಯಾಂಡಲಿಗೆ ಬೆಸುಗೆ ಹಾಕಿದ ಹಿತ್ತಾಳೆಯ ಹೊರತು ಬೇರೆ ದಾರಿ ನನಗೆ ಕಾಣುವುದಿಲ್ಲ. ಬುಡದ ಕೀಲಿಗೆ ಗಡಿಯಾರ ರಿಪೇರಿಯವರ ಬಳಿ ಸಿಗುವ ಒಂದು ಮಿ.ಮೀ. ತಿರುಪನ್ನು ಹಾಕಿ, ಅದರ ತಲೆಯ ಮೇಲೆಯೇ ಗುಬುಟನ್ನು ಅಂಟಿಸಿ. ಆಗ ಮೂಲ ಗಾಡಿಯಂತೆಯೇ ಗುಬುಟು ಸಡಿಲಿಸಿ ಹ್ಯಾಂಡಲ್ ಕೆಳಗಿಳಿಸಬಹುದು. ಕೇಬಲ್ ಸೋಲ್ಡರ್ ತಂತಿಯದಾದರೆ ಹಲವು ಸಲ ಮಡಚಿದ ಮೇಲೆ ತುಂಡಾಗುತ್ತದೆ; ಮಡಚುವ ಮಾದರಿಗೆ ಕಪ್ಪು ಸಿಲಿಕೋನ್ ಹೊದಿಕೆಯ ತೆಳು ವೈರು ಮೇಲು. ಈ ಒಂದು ವಿಷಯದಲ್ಲಿ ಮೇಲಿನವರ ಸಲಹೆಗೆ ನನ್ನ ಭಿನ್ನಾಭಿಪ್ರಾಯವಿದೆ.

ಕಡಲತಡಿ

ನಾನಿರುವುದು ಮಂಗಳೂರಿನಲ್ಲಿ, ಆದ್ದರಿಂದ ಬಣ್ಣದ ಬಗ್ಗೆ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ ಕೆಂಪು ಬಣ್ಣದ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ತಿನ್ನರ್ ಬೇಗನೆ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುವುದೇ ಇದಕ್ಕೆ ಕಾರಣ. ಕಾರುಗಳ ಬಣ್ಣ ಮಾರುವ ಅಂಗಡಿಯಲ್ಲಿ ನಿಧಾನವಾಗಿ ಆರುವ ತಿನ್ನರ್, ಅಂದರೆ ರಿಟಾರ್ಡರ್, ಕೇಳಿ ಸ್ವಲ್ಪ ಬೆರೆಸಿಕೊಳ್ಳಿ. ಈಗಾಗಲೇ ಮಬ್ಬು ಬಂದಿದ್ದರೆ ಎಮರಿ ಹಿಡಿದು ಉಜ್ಜಬೇಡಿ. ಒಣ ಹವೆಯ ದಿನ ನೋಡಿ ಬರಿಯ ರಿಟಾರ್ಡರನ್ನು ಹಗುರವಾಗಿ ಸಿಂಪಡಿಸಿದರೆ ಹೆಚ್ಚಿನ ಪಾಲು ಮಾಯವಾಗುತ್ತದೆ.

ಹಿತ್ತಾಳೆ ಮತ್ತು ತಾಮ್ರಕ್ಕೆ ಲೋಹದ ಪ್ರೈಮರ್ ಇಲ್ಲದೆ ಬಣ್ಣ ಹಿಡಿಯದು. ಕೆಂಪಿನ ಕೆಳಗೆ ಬೂದು ಪ್ರೈಮರನ್ನು ಹಾಗೆಯೇ ಬಿಡದೆ ಒಂದು ಸಲ ತಿಳಿ ಗುಲಾಬಿ ಹೊಡೆದರೆ ಕೆಂಪು ಕಂದುಗಟ್ಟದೆ ಬೆಳಗುತ್ತದೆ.

ಸೀಟಿನ ವಿಷಯಕ್ಕೆ ಯಾರೂ ಬಂದಿಲ್ಲವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಬಟ್ಟೆ ಬಳಸಬೇಡಿ. ಚೌಕಳಿ ಕರವಸ್ತ್ರದಲ್ಲಿ ಚೌಕದ ಗಾತ್ರ ಹೊಂದಬಹುದು, ಆದರೆ ಎಳೆಯ ದಪ್ಪ ಹೊಂದುವುದಿಲ್ಲ. ಹತ್ತಿರದಿಂದ ನೋಡಿದರೆ ಗೋಣಿಚೀಲ ಹೊದಿಸಿದ ಹಾಗಿರುತ್ತದೆ. ಸೀಟನ್ನು ಗಟ್ಟಿ ಪುಟ್ಟಿಯಲ್ಲಿ ರೂಪಿಸಿ, ಬಿಳಿ ಬಣ್ಣ ಹೊಡೆದು, ಅದರ ಮೇಲೆ ಪಾರದರ್ಶಕ ಡೆಕಾಲ್ ಹಾಳೆಯಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರದ ಹಾಳೆ) ಮುದ್ರಿಸಿದ ಚೌಕಳಿಯನ್ನು ಅಂಟಿಸಿ. ಲೇಸರ್ ಪ್ರಿಂಟರ್ ಬಿಳಿ ಬಣ್ಣವನ್ನು ಮುದ್ರಿಸದ ಕಾರಣ ಕೆಳಗಿನ ಬಿಳಿಯೇ ಬಿಳಿ ಗೆರೆಗಳಾಗಿ ಕಾಣುತ್ತದೆ. ಸೀಟಿನ ಮೇಲ್ಮೈಗೆ ಒಂದು ತುಂಡು, ಸುತ್ತಲಿನ ಪಟ್ಟಿಗೆ ಇನ್ನೊಂದು ತುಂಡು ಎಂದು ಬೇರೆಬೇರೆ ಕತ್ತರಿಸಿ. ಮೂಲ ಸೀಟಿನಲ್ಲಿ ಹೊಲಿಗೆ ಬರುವ ಅಂಚಿನಲ್ಲಿಯೇ ಅವೆರಡೂ ಕೂಡಲಿ. ಆ ಕೂಡುಗೆರೆಯ ಮೇಲೆ ಹೊಲಿಗೆಯ ಉಬ್ಬುಗೆರೆಗೆಂದು ತೆಳು ತಂತಿಯೊಂದನ್ನು ಅಂಟಿಸಿ, ಎಲ್ಲ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಹೊಡೆಯಿರಿ.