1913ರ ಗ್ರೀಸ್: ದೊರೆಯ ಕೊಲೆ ಮಾರ್ಚ್ 5ಕ್ಕಾ, 18ಕ್ಕಾ?

ದಿನಗಣಕ:
1913ರಲ್ಲಿ ಗ್ರೀಸ್‌ನಲ್ಲಿ ನಡೆದದ್ದನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸುತ್ತಿದ್ದೇನೆ. ಒಂದನೇ ಜಾರ್ಜ್ ದೊರೆಯ ಕೊಲೆ ಒಂದು ಕಡೆ ಮಾರ್ಚ್ 5 ಅಂತಿದೆ, ಇನ್ನೊಂದು ಕಡೆ ಮಾರ್ಚ್ 18. ಕ್ರೀಟ್ ಗ್ರೀಸ್‌ಗೆ ಸೇರಿದ್ದೂ ಹಾಗೇ: ಡಿಸೆಂಬರ್ 1, ಇಲ್ಲವೇ 14. ಯಾವುದನ್ನು ಹಿಡಿಯಲಿ? ಅಂದಹಾಗೆ, ಸಂಸತ್ತು ಅವನನ್ನು ದೊರೆಯಾಗಿ ಆರಿಸಿದ್ದು 1863ರ ಮಾರ್ಚ್ 18. ಸರಿಯಾಗಿ 50 ವರ್ಷ ತುಂಬಿದ ದಿನವೇ ಗುಂಡು ಬಿತ್ತು ಅಂತ ಬರೆಯಬಹುದಲ್ವಾ?

ಹಳೇಪಂಚಾಂಗ:
ದಯವಿಟ್ಟು ಬರೆಯಬೇಡಿ! ಎರಡೂ ತಾರೀಖು ಸರಿ, ಕ್ಯಾಲೆಂಡರ್ ಬೇರೆ. ಗ್ರೀಸ್ 1923ರವರೆಗೆ ಹಳೇ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು; ಹೊಸದು ಅಂದರೆ ನಾವೀಗ ಬಳಸುವ ಗ್ರೆಗೋರಿಯನ್. ಆ ವರ್ಷ ಫೆಬ್ರವರಿ 15ರ ಮರುದಿನ ನೇರ ಮಾರ್ಚ್ 1. 1913ರ ಹಳೇ ತಾರೀಖಿಗೆ 13 ಕೂಡಿಸಿ, ಹೊಸದು ಸಿಗುತ್ತದೆ. 19ನೇ ಶತಮಾನದ್ದಾದರೆ 12 ಮಾತ್ರ. ಹಾಗಾಗಿ 1863ರ ಆ ಮಾರ್ಚ್ 18 ಹೊಸ ಲೆಕ್ಕದಲ್ಲಿ ಮಾರ್ಚ್ 30. ಯಾವ ಕ್ಯಾಲೆಂಡರ್ ಹಿಡಿದರೂ 50 ವರ್ಷ ತುಂಬುವುದಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಅಷ್ಟು ಹತ್ತಿರ ಬಂದಿದ್ದೇ ಸಾಕು ಅನ್ನಿಸುವಂಥ ಕಥೆ ಅದು. ಸುವರ್ಣ ಮಹೋತ್ಸವ ಮುಗಿಸಿ ಮಗ ಕಾನ್‌ಸ್ಟಂಟೈನ್‌ಗೆ ಪಟ್ಟ ಬಿಟ್ಟುಕೊಡುವ ಯೋಚನೆ ಮುದುಕನಿಗಿತ್ತು. ಕೆಲವೇ ತಿಂಗಳ ಹಿಂದೆ ತುರ್ಕರಿಂದ ಗೆದ್ದ ಥೆಸಲೊನೀಕಿಯಲ್ಲಿ ಮಧ್ಯಾಹ್ನ ವಾಕಿಂಗ್ ಹೋಗಿದ್ದಾಗ ಅಲೆಕ್ಸಾಂಡ್ರೋಸ್ ಸ್ಕಿನಾಸ್ ಹಿಂದಿನಿಂದ ಹೊಡೆದ. ಆ ಸ್ಕಿನಾಸ್ ಮೇ ತಿಂಗಳಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಕಿಟಕಿಯಿಂದ ಬಿದ್ದು ಸತ್ತ. ಹಾರಿದನೋ, ತಳ್ಳಿದರೋ, ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಎಚ್ಚರ. ದೊರೆ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, 1845ರ ಡಿಸೆಂಬರ್ 24. ಡೆನ್ಮಾರ್ಕ್ ಆಗಲೇ ಹೊಸ ಕ್ಯಾಲೆಂಡರಿನಲ್ಲಿತ್ತು. ಅದಕ್ಕೆ ಸುಮ್ನೆ ಏನೂ ಕೂಡಿಸಬೇಡಿ.

ಬೆಟ್ಟಹುಚ್ಚ:
ಬರೀ ಯುದ್ಧ, ಒಪ್ಪಂದ ತುಂಬಬೇಡಿ ಮಾರಾಯರೆ. ಆಗಸ್ಟ್ 2ಕ್ಕೆ ಒಲಿಂಪಸ್‌ನ ತುತ್ತತುದಿ ಮಿಟಿಕಾಸ್ ಏರಿದ್ದನ್ನು ಸೇರಿಸಿ. ಸ್ವಿಟ್ಜರ್ಲೆಂಡಿನ ಫೋಟೋಗ್ರಾಫರ್ ಬುವಾಸೊನಾ, ಅವನ ಗೆಳೆಯ ಬೋ-ಬೋವಿ, ದಾರಿ ತೋರಿಸಿದವನು ಲಿಟೋಖೊರೊ ಊರಿನ ಬೇಟೆಗಾರ ಕ್ರಿಸ್ಟೋಸ್ ಕಾಕಲೋಸ್. ಮಂಜಿನಲ್ಲಿ ಮೊದಲು ಬೇರೆ ಶಿಖರ ಹತ್ತಿ ಗೆದ್ದೆವು ಅಂದುಕೊಂಡರಂತೆ. ಮಂಜು ಸರಿದಾಗ ಪಕ್ಕದಲ್ಲೇ ಇನ್ನೂ ಎತ್ತರದ್ದು! ಆಗ ಬುಕರೆಸ್ಟ್‌ನಲ್ಲಿ ಎರಡನೇ ಬಾಲ್ಕನ್ ಯುದ್ಧದ ಸಂಧಿ ಮಾತುಕತೆ ನಡೆಯುತ್ತಿತ್ತು. ಸಹಿ ಬಿದ್ದದ್ದು ಆಗಸ್ಟ್ 10ಕ್ಕೆ. ಇವೆಲ್ಲ ಹೊಸ ತಾರೀಖು. ಹುಟ್ಟಿದವರಲ್ಲಿ ವಾಸ್ತುಶಿಲ್ಪಿ ಆರಿಸ್ ಕಾನ್‌ಸ್ಟಾಂಟಿನಿಡಿಸ್ ಹೆಸರು ಬಿಡಬೇಡಿ.

ದಿನಗಣಕ:
ಹಾಗಾದರೆ ತುರ್ಕರ ಯಾನಿನಾ ಕೋಟೆ ಗ್ರೀಕರಿಗೆ ಶರಣಾದ ಫೆಬ್ರವರಿ 21 ಅಂದರೆ ಮಾರ್ಚ್ 6. ಆ ಗೆಲುವಾದ 12 ದಿನಕ್ಕೇ ದೊರೆ ಹೋದ. ಎರಡೂ ತಾರೀಖು ಅಕ್ಕಪಕ್ಕ ಹಾಕುತ್ತೇನೆ, ಹಳೇದು ಮೊದಲು.